ಆಫೀಸಿನ ಎ4 ಹಾಳೆ, ಫೈಲು, ಕವರ್: ಇವುಗಳ ಕಾರ್ಬನ್ ಲೆಕ್ಕ ಮರದಲ್ಲಿದೆಯೋ ಬಾಯ್ಲರ್‌ನಲ್ಲಿದೆಯೋ?

ಸ್ಟೋರ್ಸ್_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಸ್ಟೋರ್ಸ್ ಮತ್ತು ಪರ್ಚೇಸ್ ನೋಡಿಕೊಳ್ಳುತ್ತೇನೆ. ನಮ್ಮ ದೊಡ್ಡ ಗ್ರಾಹಕರೊಬ್ಬರು ಶೇರು ಮಾರುಕಟ್ಟೆಯಲ್ಲಿರುವ ಕಂಪನಿ. ಅವರು ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿಗೆ ಬಿಆರ್‌ಎಸ್‌ಆರ್ ಅನ್ನುವ, ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯ ವರದಿ ಕೊಡಬೇಕು, ಅದಕ್ಕಾಗಿ ನಮ್ಮಂಥವರಿಗೂ ಒಂದು ಉದ್ದದ ಪಟ್ಟಿ ಕಳಿಸಿದ್ದಾರೆ. ಕರೆಂಟು, ಡೀಸೆಲ್ ಲೆಕ್ಕ ಸುಲಭವಾಗಿ ಸಿಕ್ಕಿತು. ಆದರೆ ಪಟ್ಟಿಯಲ್ಲಿ ಸ್ಟೇಷನರಿಯೂ ಇದೆ. ಎ4 ಹಾಳೆ, ಬ್ರೌನ್ ಕವರ್, ಬಾಕ್ಸ್ ಫೈಲ್, ರಿಜಿಸ್ಟರ್, ವೋಚರ್ ಬುಕ್, ಸ್ಟಿಕಿ ನೋಟ್ಸ್ ಎಲ್ಲಾ.

ಹಾಳೆಯ ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರ ಇರುತ್ತೆ, ಅಷ್ಟೇ. ಒಂದು ರೀಮ್ ಮಾಡೋಕೆ ಎಷ್ಟು ಕಾರ್ಬನ್ ಹೊರಗೆ ಹೋಯಿತು ಅಂತ ಯಾರೂ ಬರೆಯಲ್ಲ. ಕಾಗದದ ಮಿಲ್ಲಿನಲ್ಲಿ ಕೆಲಸ ಮಾಡಿದವರು, ಪ್ರೆಸ್ ನಡೆಸುವವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಸುಮ್ನೆ ಒಂದು ಅಂಕಿ ತುಂಬಿ ಕಳಿಸೋಕೆ ನನಗೆ ಮನಸ್ಸಿಲ್ಲ.

ಭದ್ರಾವತಿ_ಹಳಬ

ಒಳ್ಳೆ ಪ್ರಶ್ನೆ ಸರ್. ನಾನು ಭದ್ರಾವತಿಯವನು, ಕಾಗದದ ಮಿಲ್ಲಿನ ಬಾಯ್ಲರ್ ಹೌಸ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ತೂಕ. ಎ0 ಹಾಳೆ ಅಂದರೆ ಒಂದು ಚದರ ಮೀಟರ್. ಅದರ ಹದಿನಾರನೇ ಒಂದು ಪಾಲು ಎ4. ನಮ್ಮಲ್ಲಿ ಜಾಸ್ತಿ ಹೋಗುವ 75 ಜಿಎಸ್‌ಎಂ, ಅಂದರೆ ಚದರ ಮೀಟರ್‌ಗೆ 75 ಗ್ರಾಂ ತೂಗುವ ಎ4 ಹಾಳೆ ಒಂದಕ್ಕೆ 4.7 ಗ್ರಾಂ ಹತ್ತಿರ. 500 ಹಾಳೆಯ ರೀಮ್ ಸುಮಾರು 2.34 ಕೆಜಿ. 80 ಜಿಎಸ್‌ಎಂ ಆದರೆ ಎರಡೂವರೆ ಕೆಜಿ, 70 ಆದರೆ 2.18. ನಿಮ್ಮ ಲೆಕ್ಕವನ್ನು ಯಾವಾಗಲೂ ಕೆಜಿಯಲ್ಲಿ ಮಾಡಿ. ಹಾಳೆ ಎಣಿಸಿದರೆ ದಾರಿ ತಪ್ಪುತ್ತೆ.

ಈಗ ಮಿಲ್ಲಿನ ಒಳಗೆ. ಮರದ ತೊಗಟೆ ತೆಗೆದು ಚಿಪ್ಸ್ ಮಾಡ್ತಾರೆ. ಡೈಜೆಸ್ಟರ್‌ನಲ್ಲಿ ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಹಾಕಿ ಬಿಸಿ ಒತ್ತಡದಲ್ಲಿ ಬೇಯಿಸ್ತಾರೆ. ಮರದ ನಾರನ್ನು ಅಂಟಿಸಿಟ್ಟಿರುವ ಲಿಗ್ನಿನ್ ಕರಗಿ ಹೊರಗೆ ಬರುತ್ತೆ. ಮರದ ಸುಮಾರು ಅರ್ಧ ತೂಕ ಮಾತ್ರ ನಾರಿನ ಮುದ್ದೆ, ಅಂದರೆ ಪಲ್ಪ್ ಆಗಿ ಉಳಿಯೋದು. ಉಳಿದರ್ಧ ಕಪ್ಪು ದ್ರಾವಣ, ನಾವು ಬ್ಲ್ಯಾಕ್ ಲಿಕ್ಕರ್ ಅಂತೀವಿ. ಇದನ್ನು ಗಟ್ಟಿ ಮಾಡಿ ರಿಕವರಿ ಬಾಯ್ಲರ್‌ನಲ್ಲಿ ಸುಡ್ತಾರೆ. ಹಬೆ ಸಿಗುತ್ತೆ, ಕರೆಂಟು ಸಿಗುತ್ತೆ, ಬಳಸಿದ ಕೆಮಿಕಲ್ಲೂ ವಾಪಸ್ ಸಿಗುತ್ತೆ. ಅಂದರೆ ದೊಡ್ಡ ಮಿಲ್ ತನ್ನ ಇಂಧನದ ದೊಡ್ಡ ಪಾಲನ್ನು ಮರದಿಂದಲೇ ತೆಗೆಯುತ್ತೆ. ಜನಕ್ಕೆ ಈ ವಿಷಯ ಗೊತ್ತೇ ಇರಲ್ಲ.

ಹಾಗಾದರೆ ಕಾರ್ಬನ್ ಎಲ್ಲಿಂದ? ನೀರು ಒಣಗಿಸುವುದರಿಂದ. ಪೇಪರ್ ಮೆಷಿನ್ ಮೇಲೆ ಬೀಳುವ ದ್ರಾವಣದಲ್ಲಿ 99 ಭಾಗ ನೀರು, ಒಂದು ಭಾಗ ನಾರು. ಜಾಲರಿಯಲ್ಲಿ ಒಂದಿಷ್ಟು ನೀರು ಸೋರುತ್ತೆ, ಪ್ರೆಸ್ ರೋಲರ್‌ಗಳಲ್ಲಿ ಒಂದಿಷ್ಟು ಹಿಂಡಿ ಹೋಗುತ್ತೆ. ಆಮೇಲೂ ಹಾಳೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತೆ. ಅದನ್ನು ಹಬೆ ತುಂಬಿದ ದೊಡ್ಡ ಡ್ರೈಯರ್ ಸಿಲಿಂಡರ್‌ಗಳ ಮೇಲೆ ಓಡಿಸಿ ಒಣಗಿಸಬೇಕು. ಚೆನ್ನಾಗಿ ಹಿಂಡಿದ ಬಟ್ಟೆ ಬೇಗ ಒಣಗುತ್ತೆ, ಹಿಂಡದೆ ಇಸ್ತ್ರಿ ಪೆಟ್ಟಿಗೆಯಿಂದಲೇ ಒಣಗಿಸ್ತೀನಿ ಅಂದರೆ ಇದ್ದಿಲು ಎಷ್ಟು ಬೇಕು ಹೇಳಿ. ಇಲ್ಲೂ ಅದೇ. ಪ್ರೆಸ್‌ನಲ್ಲಿ ಸ್ವಲ್ಪ ಜಾಸ್ತಿ ನೀರು ತೆಗೆದರೂ ಹಬೆ ಕಣ್ಣಿಗೆ ಕಾಣುವಷ್ಟು ಉಳಿಯುತ್ತೆ.

ಈ ಹಬೆಗೆ ರಿಕವರಿ ಬಾಯ್ಲರ್ ಸಾಕಾಗದಿದ್ದಾಗ ನಮ್ಮ ದೇಶದಲ್ಲಿ ಸುಡುವುದು ಕಲ್ಲಿದ್ದಲು. ಒಂದು ಟನ್ ಭಾರತದ ಕಲ್ಲಿದ್ದಲು ಸುಟ್ಟರೆ ಸುಮಾರು ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್. ನಿಮ್ಮ ಎ4 ಹಾಳೆಯ ಲೆಕ್ಕದ ಮುಖ್ಯ ಭಾಗ ಇದೇ. ಜೊತೆಗೆ ಕೆಮಿಕಲ್ ವಾಪಸ್ ಪಡೆಯಲು ಬೇಕಾದ ಸುಣ್ಣದ ಗೂಡು ಇದೆ, ಬ್ಲೀಚಿಂಗ್ ಕೆಮಿಕಲ್ ತಯಾರಿಕೆಯ ಕರೆಂಟು ಇದೆ. ಅವೆಲ್ಲಾ ಆಮೇಲಿನವು.

ಸ್ಟೋರ್ಸ್_ಬೆಂಗಳೂರು

ಸರ್, ತುಂಬಾ ಥ್ಯಾಂಕ್ಸ್. ಒಂದು ಕೆಜಿಗೆ ಇಷ್ಟು ಅಂತ ಹೇಳೋಕಾಗುತ್ತಾ?

ಭದ್ರಾವತಿ_ಹಳಬ

ಒಂದೇ ಅಂಕಿ ಕೊಟ್ಟರೆ ಅದು ನಿಜವಾಗಲ್ಲ. ಅಂದಾಜು ಕೊಡಬಹುದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ, ಅಂದರೆ ಐಇಎ, 2022ಕ್ಕೆ ಕೊಟ್ಟ ಲೆಕ್ಕದಲ್ಲಿ ಇಡೀ ಜಗತ್ತಿನ ಪಲ್ಪ್ ಮತ್ತು ಕಾಗದ ಉದ್ಯಮದ ನೇರ ಹೊರಸೂಸುವಿಕೆ ಸುಮಾರು 19 ಕೋಟಿ ಟನ್. ಎಲ್ಲ ಕೈಗಾರಿಕೆಗಳ ಒಟ್ಟು ಮೊತ್ತದಲ್ಲಿ ಶೇ 2ರಷ್ಟು. ಜಗತ್ತಿನಲ್ಲಿ ಒಂದು ವರ್ಷಕ್ಕೆ ತಯಾರಾಗುವ ಕಾಗದ ಮತ್ತು ರಟ್ಟು 40 ಕೋಟಿ ಟನ್‌ಗೂ ಜಾಸ್ತಿ. ಭಾಗಿಸಿ ನೋಡಿ, ಕೆಜಿಗೆ ಅರ್ಧ ಕೆಜಿಗಿಂತ ಸ್ವಲ್ಪ ಕಮ್ಮಿ ಬರುತ್ತೆ. ಅದರಲ್ಲಿ ಹೊರಗಿನಿಂದ ಕೊಂಡ ಕರೆಂಟು, ಕೆಮಿಕಲ್, ಸಾಗಣೆ ಸೇರಿಲ್ಲ. ಕಲ್ಲಿದ್ದಲು ಮೇಲೆ ನಿಂತ ಮಿಲ್ ಆದರೆ ಎಲ್ಲಾ ಸೇರಿ ಕೆಜಿಗೆ ಒಂದರಿಂದ ಎರಡು ಕೆಜಿ ಅಂತ ಇಟ್ಟುಕೊಂಡು, ಇದು ಅಂದಾಜು ಅಂತ ಬರೆದು ಕೊಡಿ.

ಹೊಸಬ_ಮೈಸೂರು

ಹಾಗಾದ್ರೆ ರೀಸೈಕಲ್ಡ್ ಹಾಳೆ ತಗೊಂಡ್ರೆ ಮುಗೀತಲ್ವಾ?

ರದ್ದಿ_ಅಂಗಡಿ

ಅಷ್ಟು ಸುಲಭ ಅಲ್ಲ ಸರ್. ನಮ್ಮ ಅಪ್ಪನ ಕಾಲದಿಂದ ರದ್ದಿ ವ್ಯಾಪಾರ ನಮ್ಮದು. ಭಾರತದಲ್ಲಿ ತಯಾರಾಗುವ ಕಾಗದದ ಮುಕ್ಕಾಲು ಪಾಲಿನ ಹತ್ತಿರ ರದ್ದಿಯಿಂದಲೇ ಆಗುವುದು. ನಂಜನಗೂಡಿನಲ್ಲೂ ರದ್ದಿಯ ಮೇಲೆ ನಡೆಯುವ ಮಿಲ್ ಇದೆ. ಆದರೆ ಅದರಲ್ಲಿ ಬಹುಪಾಲು ಕಂದು ಬಣ್ಣದ ಕ್ರಾಫ್ಟ್, ಡಬ್ಬಿ ಮಾಡುವ ಡ್ಯೂಪ್ಲೆಕ್ಸ್ ಬೋರ್ಡ್, ಪತ್ರಿಕೆಯ ನ್ಯೂಸ್‌ಪ್ರಿಂಟ್. ನಿಮ್ಮ ಬ್ರೌನ್ ಕವರ್, ಫೈಲಿನ ರಟ್ಟು ಈಗಾಗಲೇ ಬಹುಮಟ್ಟಿಗೆ ರದ್ದಿಯಿಂದ ಬಂದದ್ದೇ. ಬೆಳ್ಳಗಿರುವ ಕಾಪಿಯರ್ ಹಾಳೆ ಮಾತ್ರ ಹೆಚ್ಚಾಗಿ ಮರದ್ದು ಅಥವಾ ಕಬ್ಬಿನ ಸಿಪ್ಪೆಯದ್ದು.

ಇನ್ನೊಂದು ವಿಷಯ ಆಫೀಸಿನವರಿಗೆ ಹೇಳಲೇಬೇಕು. ಬಿಳಿ ಹಾಳೆಯ ರದ್ದಿಗೆ ಒಳ್ಳೆ ರೇಟು, ಯಾಕಂದ್ರೆ ನಾರು ಬೆಳ್ಳಗೆ ಮತ್ತು ಗಟ್ಟಿ. ನೀವು ಅದನ್ನು ಶ್ರೆಡ್ಡರ್‌ಗೆ ಹಾಕಿ ಸೇವಿಗೆ ಮಾಡಿ ಕೊಟ್ಟರೆ ನಾರು ತುಂಡಾಗುತ್ತೆ. ಗುಟ್ಟಿನ ಕಾಗದ ಶ್ರೆಡ್ ಮಾಡಿ, ಬೇಡ ಅನ್ನಲ್ಲ. ಆದರೆ ಕ್ಯಾಂಟೀನ್ ಮೆನುವನ್ನೂ, ಖಾಲಿ ಹಿಂಬದಿಯ ಡ್ರಾಫ್ಟನ್ನೂ ಯಾಕೆ ಕತ್ತರಿಸ್ತೀರಾ? ಒಂದು ನಾರು ಐದಾರು ಸಲ ಮತ್ತೆ ಕಾಗದ ಆಗಬಹುದು. ಅಷ್ಟು ಸಲ ಓಡಾಡಲಿ ಬಿಡಿ. ಬಿಲ್ ಮೆಷಿನ್‌ನ ಥರ್ಮಲ್ ರೋಲ್, ಪ್ಲಾಸ್ಟಿಕ್ ಲ್ಯಾಮಿನೇಷನ್ ಇರುವ ಫೈಲು, ಊಟದ ಎಣ್ಣೆ ಮೆತ್ತಿದ್ದು ಇವನ್ನು ಬಿಳಿ ಹಾಳೆ ಜೊತೆ ಕಲಸಬೇಡಿ. ಒಂದು ಮೂಟೆಗೆ ಸ್ವಲ್ಪ ಸೇರಿದರೂ ಪೂರ್ತಿ ಮೂಟೆಯ ದರ್ಜೆ ಇಳಿಯುತ್ತೆ.

ಎಲ್ಲಕ್ಕಿಂತ ಕೆಟ್ಟದ್ದು ಹಸಿ ಕಸದ ಜೊತೆ ಸೇರಿ ಕಸದ ಗುಡ್ಡಕ್ಕೆ ಹೋಗುವುದು. ಗಾಳಿಯಾಡದ ಕಡೆ ಕಾಗದ ಕೊಳೆತರೆ ಮೀಥೇನ್ ಬರುತ್ತೆ. ನೂರು ವರ್ಷದ ಲೆಕ್ಕದಲ್ಲಿ ಅದರ ಶಾಖ ಹಿಡಿಯುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು. ಮಂಡೂರು, ಮಾವಳ್ಳಿಪುರದ ಜನ ಬೆಂಗಳೂರಿನ ಕಸ ಹೊತ್ತು ಎಷ್ಟು ಅನುಭವಿಸಿದರು ಅಂತ ಎಲ್ಲರಿಗೂ ಗೊತ್ತು. ರದ್ದಿಯಾಗಿ ಬದುಕಬಹುದಾದ ಹಾಳೆ ಅಲ್ಲಿಗೆ ಹೋಗಬಾರದು.

ಭದ್ರಾವತಿ_ಹಳಬ

ರದ್ದಿ ಅಂಗಡಿಯವರ ಮಾತಿಗೆ ಒಂದು ಸೇರಿಸ್ತೀನಿ. ರದ್ದಿಯ ಮಿಲ್ಲಿನಲ್ಲಿ ಮರ ಬೇಯಿಸುವ ಕೆಲಸ ಇಲ್ಲ, ಆದ್ದರಿಂದ ಒಟ್ಟು ಶಕ್ತಿ ಕಮ್ಮಿ ಸಾಕು. ಆದರೆ ಬೇಯಿಸದಿದ್ದ ಮೇಲೆ ಬ್ಲ್ಯಾಕ್ ಲಿಕ್ಕರ್ ಕೂಡ ಇಲ್ಲ. ಬೇಕಾದ ಅಷ್ಟೂ ಹಬೆಯನ್ನು ಹೊರಗಿನ ಇಂಧನದಿಂದಲೇ ಮಾಡಬೇಕು. ಆ ಇಂಧನ ಕಲ್ಲಿದ್ದಲು ಆದರೆ ರೀಸೈಕಲ್ಡ್ ಹಾಳೆಯ ಪಳೆಯುಳಿಕೆ ಇಂಧನದ ಲೆಕ್ಕ ಒಳ್ಳೆಯ ಮರದ ಮಿಲ್ಲಿನ ಹಾಳೆಗಿಂತ ಕಮ್ಮಿ ಇರುತ್ತೆ ಅಂತ ಖಾತ್ರಿ ಕೊಡೋಕಾಗಲ್ಲ. ಹೊಟ್ಟು, ಕೃಷಿ ತ್ಯಾಜ್ಯ ಸುಟ್ಟರೆ ಆಗ ಕಥೆ ಬೇರೆ. ಮರ ಉಳಿಸುವುದಕ್ಕೆ, ನೀರು ಉಳಿಸುವುದಕ್ಕೆ, ಕಸ ತಪ್ಪಿಸುವುದಕ್ಕೆ ರೀಸೈಕಲ್ಡ್ ಒಳ್ಳೆಯದೇ. ಅದರಲ್ಲಿ ಎರಡು ಮಾತಿಲ್ಲ.

ಕಬ್ಬಿನ ಸಿಪ್ಪೆಯ ಹಾಳೆಯಲ್ಲೂ ಹೀಗೇ ಒಂದು ಗಂಟು ಇದೆ. ತಮಿಳುನಾಡಿನ ಕರೂರಿನ ಟಿಎನ್‌ಪಿಎಲ್ ಶುರುವಿನಿಂದಲೂ ಸಿಪ್ಪೆಯನ್ನು, ಅಂದರೆ ಬಗಾಸನ್ನು ನಂಬಿದ ಮಿಲ್. ನಮ್ಮ ಭದ್ರಾವತಿಯ ಎಂಪಿಎಂ, ಅಂದರೆ ಮೈಸೂರು ಪೇಪರ್ ಮಿಲ್ಸ್ ಕೂಡ ಪಕ್ಕದಲ್ಲೇ ಸಕ್ಕರೆ ಕಾರ್ಖಾನೆ ಇಟ್ಟುಕೊಂಡು ಸಿಪ್ಪೆ ಬಳಸುತ್ತಿತ್ತು. ಸಿಪ್ಪೆ ಕಸ ಅಲ್ಲ. ಸಕ್ಕರೆ ಕಾರ್ಖಾನೆಗೆ ಅದೇ ಸೌದೆ. ಅದನ್ನು ಕಾಗದಕ್ಕೆ ತಂದರೆ ಸಕ್ಕರೆ ಕಾರ್ಖಾನೆಗೆ ಬದಲಿ ಇಂಧನವನ್ನೋ ಹಬೆಯನ್ನೋ ಕೊಡಬೇಕು. ಆ ಬದಲಿ ಕಲ್ಲಿದ್ದಲಿನದ್ದಾದರೆ ಅದರ ಹೊಗೆಯನ್ನೂ ಹಾಳೆಯ ಲೆಕ್ಕಕ್ಕೇ ಹಾಕಬೇಕು. 'ಮರ ಕಡಿಯದ ಕಾಗದ' ಅನ್ನೋದು ಸರಿ. 'ಕಾರ್ಬನ್ ಇಲ್ಲದ ಕಾಗದ' ಅನ್ನೋದು ಬೇರೆ ಮಾತು.

ಹೆಲ್ಸಿಂಕಿ_ಕನ್ನಡತಿ

ಇಲ್ಲಿ ಫಿನ್ಲೆಂಡ್‌ನಲ್ಲಿ ಕೂತು ಓದುತ್ತಿದ್ದೇನೆ. ಹಳಬರು ಹೇಳಿದ್ದಕ್ಕೆ ಇಲ್ಲೊಂದು ಜೀವಂತ ಉದಾಹರಣೆ ಇದೆ. ಆನೆಕೊಸ್ಕಿ ಅನ್ನುವ ಊರಿನಲ್ಲಿ ಮೆಟ್ಸಾ ಕಂಪನಿಯ ದೊಡ್ಡ ಪಲ್ಪ್ ಮಿಲ್ 2017ರಲ್ಲಿ ಶುರುವಾಯಿತು. ಪಳೆಯುಳಿಕೆ ಇಂಧನ ಬಳಸದೆ ನಡೆಯುವಂತೆ ಕಟ್ಟಿದ ಮಿಲ್ ಅದು. ಬ್ಲ್ಯಾಕ್ ಲಿಕ್ಕರ್ ಮತ್ತು ತೊಗಟೆಯಿಂದಲೇ ತನಗೆ ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕರೆಂಟು ಮಾಡಿ ಮಿಕ್ಕಿದ್ದನ್ನು ಹೊರಗೆ ಕೊಡುತ್ತೆ. ಅದು ಪಲ್ಪ್ ಮಾತ್ರ ಮಾಡುವ ಮಿಲ್ ಅನ್ನೋದು ನೆನಪಿರಲಿ. ಹಾಳೆ ಒಣಗಿಸುವ ಖರ್ಚು ಮುಂದಿನ ಮಿಲ್ಲಿನಲ್ಲಿ ಬರುತ್ತೆ. ಆದರೂ ಒಂದೇ ತೂಕ, ಒಂದೇ ಬಿಳುಪಿನ ಎರಡು ಹಾಳೆಗಳ ಲೆಕ್ಕದಲ್ಲಿ ಎಷ್ಟು ವ್ಯತ್ಯಾಸ ಇರಬಹುದು ಅಂತ ಇದರಿಂದ ಗೊತ್ತಾಗುತ್ತೆ ಅಲ್ವಾ?

ಮಲೆನಾಡ_ಮಗಳು

ಬಾಯ್ಲರ್ ಲೆಕ್ಕ ಓದಿದೆ, ಚೆನ್ನಾಗಿದೆ. ಆದರೆ ಮರದ ಕಥೆಯನ್ನು ಇಷ್ಟು ಬೇಗ ಮುಗಿಸಬೇಡಿ. ನಾನು ಶಿವಮೊಗ್ಗ ಜಿಲ್ಲೆಯವಳು.

ಎಂಪಿಎಂ 1936ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಕಾರ್ಖಾನೆ, ನಮ್ಮ ಊರುಗಳಿಗೆ ಅನ್ನ ಕೊಟ್ಟಿದೆ, ಅದು ಸತ್ಯ. ಅದಕ್ಕೆ ಕಚ್ಚಾ ಮಾಲು ಬೇಕು ಅಂತ 1980ರಲ್ಲಿ 40 ವರ್ಷಕ್ಕೆ ಅರಣ್ಯ ಭೂಮಿ ಕೊಟ್ಟರು. 20 ಸಾವಿರ ಹೆಕ್ಟೇರಿಗೂ ಜಾಸ್ತಿ. ಅಲ್ಲಿ ಬಂದದ್ದು ಅಕೇಶಿಯಾ, ನೀಲಗಿರಿ. ಹುಲ್ಲುಗಾವಲು, ಕುರುಚಲು ಕಾಡು, ದನ ಮೇಯುತ್ತಿದ್ದ ಗುಡ್ಡ ಎಲ್ಲಾ ಒಂದೇ ಜಾತಿಯ ಸಾಲು ಮರಗಳಾದವು. ಅಕೇಶಿಯಾದ ಕೆಳಗೆ ಹೆಚ್ಚೇನೂ ಬೆಳೆಯಲ್ಲ. 2015-16ರ ಹೊತ್ತಿಗೆ ಕಾರ್ಖಾನೆ ನಿಂತುಹೋಯಿತು. 2020ರಲ್ಲಿ ಗುತ್ತಿಗೆ ಮುಗಿದಾಗ ಭೂಮಿಯನ್ನು ಮತ್ತೆ ಕಾಡಾಗಲು ಬಿಡಿ ಅಂತ ಜನ ಕೇಳಿದರು, 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಅಂತ ಹೋರಾಟ ಮಾಡಿದರು. ಆದರೂ ಸರ್ಕಾರ ಗುತ್ತಿಗೆಯನ್ನು ಇನ್ನೂ 40 ವರ್ಷಕ್ಕೆ ಮುಂದುವರಿಸಿತು.

ಹಾಳೆಯ ಕಾರ್ಬನ್ ಲೆಕ್ಕ ಹಾಕುವವರು 'ಮರ ಬೆಳೆಯುವಾಗ ಕಾರ್ಬನ್ ಹೀರಿಕೊಂಡಿತ್ತು, ಸುಟ್ಟಾಗ ಅದೇ ವಾಪಸ್ ಬಂತು, ಸೊನ್ನೆ' ಅಂತಾರೆ. ಅದು ಆ ಮರದ ಲೆಕ್ಕ ಮಾತ್ರ. ಆ ಜಾಗದಲ್ಲಿ ಮೊದಲಿದ್ದ ಕಾಡು, ಮಣ್ಣಿನೊಳಗಿದ್ದ ಇಂಗಾಲ, ಬತ್ತಿದ ಒರತೆ ಯಾವ ಕಾಲಂನಲ್ಲಿ ಬರುತ್ತೆ? ದಾಂಡೇಲಿಯದ್ದೂ ಹಳೆ ಕಥೆ. 1950ರ ದಶಕದ ಕೊನೆಯಲ್ಲಿ ಅಲ್ಲಿ ಮಿಲ್ ಶುರುವಾದಾಗ ಉತ್ತರ ಕನ್ನಡದ ಬಿದಿರು ಮುಗಿಯದ ಸಂಪತ್ತು ಅಂತ ಎಲ್ಲರೂ ನಂಬಿದ್ದರು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಬಿದಿರಿನ ಅಧ್ಯಯನ ಮಾಡಿ ಅದು ಹೇಗೆ ಸೊರಗುತ್ತಿದೆ ಅಂತ ತೋರಿಸಿದರು. ಬುಟ್ಟಿ ಹೆಣೆಯುವ ಮೇದಾರರಿಗೆ ಬಿದಿರು ಸಿಗದಂತಾಯಿತು, ಮಿಲ್ಲಿಗೆ ಮಾತ್ರ ಬಿಡಿಗಾಸಿನ ದರದಲ್ಲಿ ಹೋಗುತ್ತಿತ್ತು.

1987ರ ನವೆಂಬರ್‌ನಲ್ಲಿ ಹಾವೇರಿ ಕಡೆಯ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆದದ್ದೂ ಇದೇ ಕಾರಣಕ್ಕೆ. ಅದು ರೇಯಾನ್ ನೂಲಿನ ಪಲ್ಪಿಗಾಗಿ ನೆಟ್ಟ ಮರ, ಆಫೀಸು ಹಾಳೆಗಲ್ಲ. ಆದರೆ ಊರಿನ ಗೋಮಾಳ ಯಾರದ್ದು ಅನ್ನುವ ಪ್ರಶ್ನೆ ಒಂದೇ.

ಚಿಂತಾಮಣಿ_ರೈತ

ಮೇಡಂ, ಗೋಮಾಳದ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ತೀನಿ. ಆದರೆ ಈಗ ಮಿಲ್ಲಿಗೆ ಹೋಗುವ ಮರ ಹೆಚ್ಚಾಗಿ ಕಾಡಿನದ್ದಲ್ಲ. 1988ರ ಅರಣ್ಯ ನೀತಿ ಬಂದ ಮೇಲೆ ಕಂಪನಿಗಳು ರೈತರಿಂದಲೇ ಮರ ಬೆಳೆಸಿಕೊಳ್ಳಬೇಕು ಅಂತಾಯಿತು. ಆಂಧ್ರ, ತೆಲಂಗಾಣದ ಕಡೆ ಸುಬಾಬುಲ್, ಸರ್ವೆ, ನೀಲಗಿರಿ ಎಲ್ಲಾ ಹೊಲದ ಬೆಳೆ. ನಮ್ಮ ಕಡೆ ನೀಲಗಿರಿ ಹಾಕಿದ್ದು ಯಾಕೆ ಗೊತ್ತಾ? ರಾಗಿಗೆ ಕೂಲಿ ಆಳು ಸಿಗಲ್ಲ, ಮಳೆ ಕೈಕೊಡುತ್ತೆ, ಮಕ್ಕಳು ಬೆಂಗಳೂರಿಗೆ ಹೋದರು. ನೀಲಗಿರಿ ಒಂದು ಸಲ ನೆಟ್ಟರೆ ಕಡಿದ ಮೇಲೂ ಬುಡದಿಂದ ಚಿಗುರುತ್ತೆ. ಐದಾರು ವರ್ಷಕ್ಕೊಮ್ಮೆ ಒಂದು ಗಂಟು ದುಡ್ಡು. ಮದುವೆಗೋ ಸಾಲಕ್ಕೋ ಆಗುತ್ತೆ.

ನೀರಿನ ವಿಷಯದಲ್ಲಿ ಏಟು ತಿಂದದ್ದೂ ನಾವೇ. ಬೋರ್‌ವೆಲ್ ಸಾವಿರ ಅಡಿ ದಾಟಿತು. ಅದಕ್ಕೆ ನೀಲಗಿರಿ ಒಂದೇ ಕಾರಣ ಅಲ್ಲ, ಆದರೂ 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದು ಅಂತ ಆದೇಶ ಮಾಡಿತು. ನೀಲಗಿರಿ ಬೇಡ ಸರಿ, ಬದಲಿಗೆ ಏನು ಬೆಳೆದರೆ ಬದುಕಬಹುದು ಅನ್ನೋದನ್ನೂ ಕಾಗದ ಕೊಳ್ಳುವ ಪಟ್ಟಣದವರು ಯೋಚಿಸಲಿ.

ಕೋಡ್_ಮತ್ತು_ಕಾಫಿ

ಇಷ್ಟೆಲ್ಲಾ ಯಾಕೆ? ಎಲ್ಲಾ ಡಿಜಿಟಲ್ ಮಾಡಿ. ಪ್ರತಿಯೊಬ್ಬರಿಗೂ ಒಂದು ಟ್ಯಾಬ್ ಕೊಡಿ, ಕಾಗದವೇ ಬೇಡ.

ಸ್ಟೋರ್ಸ್_ಬೆಂಗಳೂರು

ಇದನ್ನು ನಾನು ಲೆಕ್ಕ ಹಾಕಿ ನೋಡಿದೆ. 200 ಜನರ ಆಫೀಸು ಅಂದುಕೊಳ್ಳಿ. ಒಬ್ಬರಿಗೆ ದಿನಕ್ಕೆ 10 ಹಾಳೆ, ವರ್ಷಕ್ಕೆ 250 ಕೆಲಸದ ದಿನ. ಒಬ್ಬರಿಗೆ 5 ರೀಮ್, ಒಟ್ಟು 1000 ರೀಮ್, 2340 ಕೆಜಿ. ಹಳಬರು ಹೇಳಿದ ಹಾಗೆ ಕೆಜಿಗೆ ಒಂದರಿಂದ ಎರಡು ಅಂದರೆ ಇಡೀ ಆಫೀಸಿಗೆ ಎರಡೂಕಾಲು ಟನ್‌ನಿಂದ ನಾಲ್ಕೂಮುಕ್ಕಾಲು ಟನ್. ಒಬ್ಬರ ಪಾಲಿಗೆ 12ರಿಂದ 23 ಕೆಜಿ. ಒಂದು ಲ್ಯಾಪ್‌ಟಾಪ್ ತಯಾರಿಸೋಕೇ ಸಾಮಾನ್ಯವಾಗಿ 200 ಕೆಜಿ ಮೇಲೆ ಆಗುತ್ತೆ ಅಂತ ತಯಾರಕರೇ ಹೇಳುತ್ತಾರೆ. ಟ್ಯಾಬ್‌ಗೆ ಅದಕ್ಕಿಂತ ಕಮ್ಮಿ ಇರಬಹುದು, ಆದರೂ ಬರೀ ಹಾಳೆ ಉಳಿಸೋಕೆ ಅಂತ ಹೊಸ ಟ್ಯಾಬ್ ಕೊಂಡರೆ ಲಾಭ ಬರೋದಕ್ಕೆ ವರ್ಷಗಳೇ ಬೇಕು. ಈಗಾಗಲೇ ಇರುವ ಕಂಪ್ಯೂಟರ್‌ನಲ್ಲೇ ಕೆಲಸ ಮುಗಿಸಿದರೆ ಮಾತ್ರ ಡಿಜಿಟಲ್ ನಿಜವಾಗಿ ಗೆಲ್ಲುತ್ತೆ.

ಇನ್ನೊಂದು ಕಡೆಯಿಂದಲೂ ನೋಡಿದೆ. ಗಂಟೆಗೆ ಒಂದೂವರೆ ಯೂನಿಟ್ ತಿನ್ನುವ ಒಂದು ಏಸಿ ದಿನಕ್ಕೆ 8 ಗಂಟೆ ಓಡಿದರೆ ವರ್ಷಕ್ಕೆ 3000 ಯೂನಿಟ್. ನಮ್ಮ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕೆಜಿ. ಅಂದರೆ ಎರಡು ಟನ್. 200 ಜನರ ಇಡೀ ವರ್ಷದ ಹಾಳೆ ಒಂದೆರಡು ಏಸಿಗೆ ಸಮ. ಹಾಳೆಯನ್ನು ಹಗುರವಾಗಿ ನೋಡಬೇಕು ಅಂತ ಅಲ್ಲ, ಬೇರೆಯವುಗಳ ಪಕ್ಕ ಇಟ್ಟು ನೋಡಬೇಕು ಅಂತ.

ತಾಲ್ಲೂಕು_ಕಚೇರಿ

ಸರ್ಕಾರಿ ಕಚೇರಿಯವನ ಮಾತು ಕೇಳಿ. ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರ್‌ಗೆ ಹೋಗಿ ಇಪ್ಪತ್ತು ವರ್ಷ ದಾಟಿತು, ಇ-ಆಫೀಸ್ ಬಂತು. ಆದರೂ ಜನ ಒಂದೇ ಪಹಣಿಯನ್ನು ಬ್ಯಾಂಕಿಗೊಂದು, ಸೊಸೈಟಿಗೊಂದು, ಕೃಷಿ ಇಲಾಖೆಗೊಂದು ಅಂತ ಪ್ರಿಂಟ್ ತೆಗೆಸಿ ಜೆರಾಕ್ಸ್ ಮಾಡಿಸಿ ಓಡಾಡುತ್ತಾರೆ. ಕಡತ ಕಂಪ್ಯೂಟರ್‌ಗೆ ಹೋದರೆ ಸಾಲದು, ಕೇಳುವ ಇಲಾಖೆ ಅದನ್ನು ಪರದೆ ಮೇಲೆ ನೋಡಿ ಒಪ್ಪಿಕೊಳ್ಳಬೇಕು. 'ಜೆರಾಕ್ಸ್ ಮೂರು ಪ್ರತಿ ಲಗತ್ತಿಸಿ' ಅನ್ನುವ ಒಂದು ಸಾಲನ್ನು ಅರ್ಜಿಯಿಂದ ತೆಗೆದರೆ ರಾಜ್ಯದಲ್ಲಿ ಎಷ್ಟು ಲಾರಿ ಕಾಗದ ಉಳಿಯುತ್ತೆ ಊಹಿಸಿ.

ನಿಯಮ ಬದಲಾದರೆ ಏನಾಗುತ್ತೆ ಅನ್ನೋದಕ್ಕೆ ಸುಪ್ರೀಂ ಕೋರ್ಟ್ ನೋಡಿ. 2020ರಲ್ಲಿ ಎ4 ಹಾಳೆಯ ಎರಡೂ ಬದಿ ಮುದ್ರಿಸಿ ಅಂತ ಸುತ್ತೋಲೆ ಹೊರಡಿಸಿತು. ಅದಕ್ಕೆ ಮುಂಚೆ ಉದ್ದದ ಹಾಳೆಯಲ್ಲಿ ಒಂದೇ ಬದಿ, ಸಾಲುಗಳ ನಡುವೆ ದೊಡ್ಡ ಜಾಗ. ಯಾವ ಯಂತ್ರವನ್ನೂ ಕೊಳ್ಳದೆ ಬರೀ ನಿಯಮದಿಂದ ಅರ್ಧದ ಹತ್ತಿರ ಕಾಗದ ಉಳಿಯುವ ಬದಲಾವಣೆ ಇದು.

ಗದಗ_ಪ್ರೆಸ್

ನಮ್ಮದು ಆಫ್‌ಸೆಟ್ ಪ್ರೆಸ್. ರಿಜಿಸ್ಟರ್, ವೋಚರ್ ಬುಕ್, ಲೆಟರ್‌ಹೆಡ್, ಕವರ್ ಎಲ್ಲಾ ಮಾಡ್ತೀವಿ. ಕಾರ್ಬನ್ ಅನ್ನೋದು ನಮ್ಮ ಕಡೆಯಿಂದ ಕಾಣುವುದು ತೂಕ ಮತ್ತು ವೇಸ್ಟ್ ಆಗಿ.

ಗಿರಾಕಿಗಳು ಲೆಟರ್‌ಹೆಡ್‌ಗೆ 100 ಜಿಎಸ್‌ಎಂ ಬೇಕು ಅಂತಾರೆ, ಕೈಗೆ ದಪ್ಪ ಸಿಗಲಿ ಅಂತ. 80ರ ಮ್ಯಾಪ್‌ಲಿಥೋ, ಅಂದರೆ ಮಾಮೂಲಿ ಮುದ್ರಣದ ಬಿಳಿ ಕಾಗದ, ಧಾರಾಳ ಸಾಕು. ಐದರಲ್ಲಿ ಒಂದು ಪಾಲು ಕಾಗದ ಅಲ್ಲೇ ಉಳಿಯಿತು. ನೀವು ಸೈಜು ಹೇಳುವಾಗ ಪೂರ್ತಿ ಶೀಟಿಗೆ ಹೊಂದುವ ಸೈಜು ಹೇಳಿ. ಅರ್ಧ ಇಂಚು ಆಚೀಚೆ ಆದರೆ ಶೀಟಿನ ಒಂದು ಪಟ್ಟಿ ಕಟಿಂಗ್ ವೇಸ್ಟ್ ಆಗುತ್ತೆ. ಅದು ರದ್ದಿಗೆ ಹೋಗುತ್ತೆ ನಿಜ, ಆದರೆ ಅದನ್ನು ಒಣಗಿಸಿದ ಹಬೆ ವಾಪಸ್ ಬರಲ್ಲ. ಹಳೆ ವರ್ಷ ಛಾಪಿಸಿದ ಫಾರ್ಮು, ಹಳೆ ಲೋಗೋ ಇರುವ ಲೆಟರ್‌ಹೆಡ್, ಹಳೆ ತೆರಿಗೆ ನಂಬರ್ ಇರುವ ಬಿಲ್ ಬುಕ್ ಗೋಡೌನ್‌ನಲ್ಲೇ ಕೊಳೆಯುವುದನ್ನು ಬಹಳ ನೋಡೀನಿ. ಸಾವಿರ ಛಾಪಿಸಿದರೆ ರೇಟು ಕಮ್ಮಿ ಅಂತ ಸಾವಿರ ಮಾಡಿಸಬೇಡಿ. ಬೇಕಾದಷ್ಟೇ ಮಾಡಿಸಿ.

ಬಾಕ್ಸ್ ಫೈಲ್ ಬಗ್ಗೆ: ರಟ್ಟು ರದ್ದಿಯದ್ದು, ಆದರೆ ಒಳಗೆ ಸ್ಟೀಲ್ ಕ್ಲಿಪ್ ಇದೆ, ಹೊರಗೆ ಪ್ಲಾಸ್ಟಿಕ್ ಹೊದಿಕೆ. ಬಿಡಿಸುವುದು ಕಷ್ಟ ಅಂತ ರದ್ದಿಯವರೂ ಬೇಡ ಅಂತಾರೆ. ಬೆನ್ನಿನ ಚೀಟಿ ಬದಲಿಸಿ ಹತ್ತು ವರ್ಷ ಓಡಿಸಬಹುದಾದ ವಸ್ತು ಅದು. ಪ್ರತಿ ಏಪ್ರಿಲ್‌ಗೆ ಹೊಸದು ಯಾಕೆ?

ಹೊಸಬ_ಮೈಸೂರು

ದೂರದ ಮಿಲ್ಲಿನಿಂದ ತರಿಸಿದರೆ ಲಾರಿ ಹೊಗೆ ಜಾಸ್ತಿ ಆಗಲ್ವಾ? ಹತ್ತಿರದ್ದೇ ಕೊಳ್ಳಬೇಕಾ?

ಭದ್ರಾವತಿ_ಹಳಬ

ಲಾರಿಯಲ್ಲಿ ಒಂದು ಟನ್ ಸರಕು ಒಂದು ಕಿಲೋಮೀಟರ್ ಹೋದರೆ ಹೆಚ್ಚೆಂದರೆ ನೂರು ಗ್ರಾಂ ಆಸುಪಾಸು. ಸಾವಿರ ಕಿಮೀ ಬಂದರೂ ಕೆಜಿ ಕಾಗದಕ್ಕೆ ನೂರು ಗ್ರಾಂ. ಮಿಲ್ಲಿನ ಒಳಗಿನ ವ್ಯತ್ಯಾಸ ಇದರ ಹತ್ತು ಪಟ್ಟು ಇರಬಹುದು. ಹತ್ತಿರದ ಕೆಟ್ಟ ಬಾಯ್ಲರ್‌ಗಿಂತ ದೂರದ ಒಳ್ಳೆ ಬಾಯ್ಲರ್ ಮೇಲು.

ಸ್ಟೋರ್ಸ್ ಅವರೇ, ನಿಮಗೆ ಒಂದು ಅನುಕೂಲ ಆಗಿದೆ. ಇಂಧನ ಉಳಿತಾಯದ 'ಪ್ಯಾಟ್' ಯೋಜನೆ 2012ರಲ್ಲಿ ಶುರುವಾದಾಗಲೇ ಕಾಗದದ ಮಿಲ್‌ಗಳು ಅದರಲ್ಲಿದ್ದವು. 2025ರಲ್ಲಿ ಕೇಂದ್ರ ಸರ್ಕಾರ ಅಲ್ಯೂಮಿನಿಯಂ, ಸಿಮೆಂಟ್, ಕ್ಲೋರ್-ಆಲ್ಕಲಿ ಜೊತೆಗೆ ಪಲ್ಪ್ ಮತ್ತು ಕಾಗದಕ್ಕೂ ಹೊರಸೂಸುವಿಕೆಯ ಗುರಿ ಗೊತ್ತು ಮಾಡಿತು. ಪಟ್ಟಿಯಲ್ಲಿರುವ ಪ್ರತಿ ಮಿಲ್ಲಿಗೂ ಟನ್ ಉತ್ಪಾದನೆಗೆ ಇಷ್ಟು ಅಂತ. ಅಂದರೆ ದೊಡ್ಡ ಮಿಲ್‌ಗಳ ಹತ್ತಿರ ಅಂಕಿ ಇದ್ದೇ ಇದೆ. ಡೀಲರ್ 'ನಮಗೆ ಗೊತ್ತಿಲ್ಲ' ಅಂದರೆ ಮಿಲ್ಲಿಗೇ ಬರೆಯಿರಿ.

ಸ್ಟೋರ್ಸ್_ಬೆಂಗಳೂರು

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಡೀಲರ್‌ಗೂ ಮಿಲ್‌ಗಳಿಗೂ ಹೀಗೆ ಬರೆಯುತ್ತಿದ್ದೇನೆ: ಈ ಹಾಳೆ ಯಾವ ಊರಿನ ಮಿಲ್ಲಿನದ್ದು? ಅಲ್ಲಿ ಹಬೆಗೆ ಏನು ಸುಡುತ್ತೀರಿ, ಅದರಲ್ಲಿ ಕಲ್ಲಿದ್ದಲಿನ ಪಾಲೆಷ್ಟು? ಟನ್ ಕಾಗದಕ್ಕೆ ನಿಮ್ಮ ಹೊರಸೂಸುವಿಕೆ ಎಷ್ಟು? ಮರ ರೈತರ ಹೊಲದ್ದೋ, ಗುತ್ತಿಗೆ ಅರಣ್ಯ ಭೂಮಿಯದ್ದೋ? ಸಿಪ್ಪೆಯಾದರೆ ಸಕ್ಕರೆ ಕಾರ್ಖಾನೆಗೆ ಬದಲಿಗೆ ಏನು ಕೊಟ್ಟಿರಿ?

ಆಫೀಸಿನ ಒಳಗೆ ಎಲ್ಲ ಪ್ರಿಂಟರ್‌ಗಳೂ ತಾವಾಗಿಯೇ ಎರಡು ಬದಿ ಮುದ್ರಿಸುವಂತೆ ಮಾಡಿಸುತ್ತೇನೆ. ಒಳಗಿನ ಬಳಕೆಗೆ 70 ಜಿಎಸ್‌ಎಂ. ಶ್ರೆಡ್ಡರ್ ಅಕೌಂಟ್ಸ್ ಮತ್ತು ಎಚ್‌ಆರ್‌ಗೆ ಮಾತ್ರ. ಹಳೆ ಬಾಕ್ಸ್ ಫೈಲ್‌ಗಳನ್ನು ಸ್ಟೋರ್‌ಗೆ ವಾಪಸ್ ಕೊಟ್ಟವರಿಗಷ್ಟೇ ಹೊಸ ಫೈಲ್. ಮಿಲ್‌ಗಳಿಂದ ಉತ್ತರ ಬಂದರೆ ಅಂಕಿ ಸಮೇತ ಇಲ್ಲೇ ಹಾಕುತ್ತೇನೆ. ಬೇರೆ ಕಂಪನಿಗಳ ಪರ್ಚೇಸ್‌ನವರು ಯಾರಾದರೂ ಇದೇ ಪ್ರಶ್ನೆ ಕೇಳಲು ಸಿದ್ಧ ಇದ್ದರೆ ಹೇಳಿ, ಒಟ್ಟಿಗೆ ಬರೆಯೋಣ. ಸಾವಿರ ರೀಮ್ ಕೊಳ್ಳುವ ಒಬ್ಬರ ಪತ್ರಕ್ಕಿಂತ ಲಕ್ಷ ರೀಮ್ ಕೊಳ್ಳುವ ಗುಂಪಿನ ಪತ್ರಕ್ಕೆ ಮಿಲ್ಲಿನವರು ಬೇಗ ಉತ್ತರ ಕೊಡುತ್ತಾರೆ.

ಗದಗ_ಪ್ರೆಸ್

ನನ್ನ ಹೆಸರೂ ಸೇರಿಸ್ರಿ. ಪ್ರೆಸ್‌ನವರು ರೀಮ್ ಲೆಕ್ಕದಲ್ಲಿ ಅಲ್ಲ, ಟನ್ ಲೆಕ್ಕದಲ್ಲಿ ಕೊಳ್ತೀವಿ. ನಮ್ಮ ಊರಿನ ಬೇರೆ ಪ್ರೆಸ್‌ಗಳಿಗೂ ಈ ಪತ್ರ ಕೊಡ್ತೀನಿ.